ಮಾರುವ ದಿನ ನೆನೆದು ಕಾರು ಕೊಳ್ಳು

ಮಾರ್ಟಳ್ಳಿ, ಹನೂರು ತಾಲ್ಲೂಕು

ಪ್ರೀತಿಯ ಅಳಿಯನಿಗೆ,

ನಿನ್ನೆ ಸಂಜೆ ಅಕ್ಕ ಫೋನು ಹಿಡಿದುಕೊಂಡು ಬಂದಳು. ಪರದೆ ತುಂಬ ಒಂದು ಕೆಂಪು ಕಾರು, ಅದರ ಬಾನೆಟ್ಟಿಗೆ ಒರಗಿಕೊಂಡು ನೀನು. 'ಹುಡುಗ ಕಾರು ತಗೋತಾನಂತೆ ಕಣೋ' ಅಂದಳು. ಎಷ್ಟಕ್ಕಂತೆ ಅಂದೆ. ಗೊತ್ತಿಲ್ಲ. ಕಂತು ಎಷ್ಟಂತೆ? ಗೊತ್ತಿಲ್ಲ. ಎಷ್ಟು ವರ್ಷದ ಸಾಲ? 'ಅದೆಲ್ಲ ಅವನು ನೋಡ್ಕೊಂಡಿರ್ತಾನೆ ಬಿಡು' ಅಂದಳು. ಅವಳು ಬಿಟ್ಟು ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು 'ಸರಿ ಮಾವ, ಸರಿ ಮಾವ' ಅನ್ನುತ್ತೀಯ. ಆ 'ಸರಿ'ಯ ಅರ್ಥ ನನಗೆ ಚೆನ್ನಾಗಿ ಗೊತ್ತು; ನಾನೂ ದೊಡ್ಡವರಿಗೆ ಅದನ್ನೇ ಹೇಳಿದವನು. ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ ಅಂತ ಕೋಪ ಮಾಡಿಕೊಳ್ಳಬೇಡ. ನಮ್ಮ ಕೊಳ್ಳೇಗಾಲ, ಹನೂರಿನ ಸೀಮೆಯಿಂದ ಗಲ್ಫಿಗೆ ಹೋಗಿ, ಊರ ಸಾಲ ತೀರಿತು ಅನ್ನುವಷ್ಟರಲ್ಲಿ ಷೋರೂಮಿನ ಮುಂದೆ ನಿಲ್ಲುವ ಹುಡುಗ ನೀನೊಬ್ಬನೇ ಅಲ್ಲ.

ಕಾರು ಬೇಡ ಅಂತ ನಾನು ಹೇಳುತ್ತಿಲ್ಲ, ಇದನ್ನು ಮೊದಲೇ ಬರೆದುಕೋ. ಷಾರ್ಜಾದಲ್ಲಿ ರೂಮು, ದುಬೈಯಲ್ಲಿ ಕೆಲಸ. ಬೆಳಗಿನ ಹೊತ್ತು ಅಲ್ ಇತ್ತಿಹಾದ್ ರಸ್ತೆಯ ಸಾಲು ನಾನು ಕಾಣದ್ದಲ್ಲ. ಜುಲೈ ತಿಂಗಳ ಬಿಸಿಲಲ್ಲಿ ಬಸ್ಸಿಗೆ ಕಾದು ಅಂಗಿ ಬೆನ್ನಿಗೆ ಅಂಟಿದ್ದೂ ಮರೆತಿಲ್ಲ. ಎರಡು ಕಡೆಯೂ ತೂಗಿಯೇ ಹೇಳುತ್ತೇನೆ. ಅದಕ್ಕೆ ಮುಂಚೆ ನನ್ನ ಕತೆ ಕೇಳು. ನಿನಗೆ ಗೊತ್ತಿರುವುದು ಅದರಲ್ಲಿ ಅರ್ಧ.

ನಾನು ವಿಮಾನ ಹತ್ತಿದ್ದು 2004ರಲ್ಲಿ. ಅದಕ್ಕೆ ಮುಂಚಿನ ಎಂಟು ವರ್ಷ ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಟೆಂಪೋ ಓಡಿಸಿದೆ. ವೀರಪ್ಪನ್ ಕಾಲ ಅದು. ಕತ್ತಲಾದ ಮೇಲೆ ರಾಮಾಪುರ ದಾಟಿ ಗಾಡಿ ಬಿಡಲು ಎದೆ ಬೇಕಿತ್ತು. ಅಮಾವಾಸ್ಯೆ ಬಂತೆಂದರೆ ಟಾಪಿನ ಮೇಲೂ ಜನ. ತಾಳಬೆಟ್ಟ ದಾಟಿ ತಿರುವಿನ ಮೇಲೆ ತಿರುವು ಏರುವಾಗ ಅವರು 'ಉಘೇ ಮಾದಪ್ಪ' ಅಂತ ಕೂಗುತ್ತಿದ್ದರು, ನಾನು ಗೇರು ಇಳಿಸುತ್ತಿದ್ದೆ. ಇಂಥ ಘಾಟಿ ಓಡಿಸಿದವನಿಗೆ ಮರಳುಗಾಡಿನ ನೆಟ್ಟನೆ ರಸ್ತೆ ಯಾವ ಲೆಕ್ಕ ಅಂದುಕೊಂಡೇ ಹೋದೆ.

ಮೂರು ಸಲ ಫೇಲಾದೆ. ನಮ್ಮ ದೇಶದ ಲೈಸೆನ್ಸು ತೋರಿಸಿ ಅವರದನ್ನು ಪಡೆಯುವ ಹಾಗಿರಲಿಲ್ಲ. ಕ್ಲಾಸು, ಸಿಗ್ನಲ್ ಪರೀಕ್ಷೆ, ಪಾರ್ಕಿಂಗ್, ಆಮೇಲೆ ರಸ್ತೆ. ಅಲ್ಲಿ ಗಾಡಿ ಓಡುವುದು ಬಲಗಡೆ, ಸ್ಟೀರಿಂಗ್ ಎಡಗಡೆ, ಗೇರು ಬಲಗೈಗೆ. ಗೇರು ಬದಲಾಯಿಸಲು ಹೋಗಿ ಎಡಗೈಯಲ್ಲಿ ಬಾಗಿಲಿನ ಹಿಡಿ ಎಳೆಯುತ್ತಿದ್ದೆ. ರೌಂಡ್ ಅಬೌಟಿನಲ್ಲಿ ಎಡಗಡೆಯಿಂದ ಬರುವವನಿಗೆ ಮೊದಲು ದಾರಿ ಬಿಡಬೇಕು. ನಮ್ಮ ಕಡೆ ಜೋರಾಗಿ ಹಾರ್ನ್ ಹೊಡೆದವನಿಗೆ ಮೊದಲು ದಾರಿ. ಪ್ರತಿಸಲ ಫೇಲಾದಾಗಲೂ ಮತ್ತೆ ಕ್ಲಾಸು, ಮತ್ತೆ ದುಡ್ಡು. ನಾಲ್ಕನೇ ಸಲಕ್ಕೆ ಪಾಸಾದ ದಿನ ರೂಮಿನವರಿಗೆಲ್ಲ ಬಿರಿಯಾನಿ ಕೊಡಿಸಿದೆ.

ಭಾಷೆಯ ತೊಂದರೆ ಆಗಲಿಲ್ಲ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತಲ್ಲ. ನಮ್ಮ ಅಜ್ಜ ಕೂತ ಜಗಲಿ ಬಿಟ್ಟು ಏಳಲಿಲ್ಲ, ರಾಜ್ಯವೇ ಬದಲಾಯಿತು. ಹಾಗಾಗಿ ನಮ್ಮ ಬಾಯಲ್ಲಿ ತಮಿಳೂ ಉಂಟು ಕನ್ನಡವೂ ಉಂಟು. ಷಾರ್ಜಾದ ಗ್ಯಾರೇಜುಗಳಲ್ಲಿ ಮಲಯಾಳಿಗಳ ಜೊತೆ ಆ ತಮಿಳಿನಲ್ಲೇ ಬದುಕಿದೆ. ಡ್ರೈವರಾಗಿ ಸೇರಿದವನನ್ನು ಕಂಪನಿಯವರು ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಮಾಡಿದರು. ಊರವರ ಗಾಡಿ ಓಡಿಸಿದ್ದು ಸಾಕು, ನನ್ನದೊಂದು ಇರಲಿ ಅನ್ನಿಸಿತು.

2007ರ ಜುಲೈಯಲ್ಲಿ ಹೊಸ ಕಾರು ತಗೊಂಡೆ. ಆಗ ನನ್ನ ಬ್ಯಾಂಕಿನವರು ಮುಂಗಡವನ್ನೂ ಕೇಳಲಿಲ್ಲ. 50 ಸಾವಿರ ದಿರ್ಹಂ ಸಾಲ, ಐದು ವರ್ಷ, ಬಡ್ಡಿ 'ಬರೀ ನಾಲ್ಕು ಪರ್ಸೆಂಟ್'. ತಿಂಗಳಿಗೆ ಸರಿಯಾಗಿ 1,000. ಮುಂದಿನ ತಾರೀಖಿನ ಚೆಕ್ಕುಗಳಿಗೆ ಸಹಿ ಹಾಕುತ್ತ ಹೋದೆ. ಎಷ್ಟಕ್ಕೆ ಹಾಕಿದೆ ಅಂತಲೂ ಎಣಿಸಲಿಲ್ಲ. ಅದೇ ತಿಂಗಳು ದುಬೈಯಲ್ಲಿ ಸಾಲಿಕ್ ಟೋಲು ಶುರುವಾಯಿತು, ಗರ್ಹೂದ್ ಸೇತುವೆ ದಾಟಿದರೆ 4 ದಿರ್ಹಂ. ಅದನ್ನೂ ಖುಷಿಯಿಂದಲೇ ಕೊಟ್ಟೆ.

ಸುಳ್ಳು ಹೇಳಲಾರೆ, ಆ ಹದಿನೆಂಟು ತಿಂಗಳು ಸುಖವಾಗಿದ್ದೆ. ಆಗ ಶುಕ್ರವಾರ ರಜೆ. ಬೆಳಗ್ಗೆ ಚರ್ಚಿಗೆ ಹೋಗಿ, ರೂಮಿನವರನ್ನು ತುಂಬಿಕೊಂಡು ಖೋರ್‌ಫಕ್ಕಾನ್ ಕಡಲಿಗೆ ಹೊರಡುತ್ತಿದ್ದೆವು. ಬೋಳು ಬೆಟ್ಟಗಳ ನಡುವೆ ರಸ್ತೆ ತಿರುಗಿದಾಗ ನನಗೆ ನಮ್ಮ ಬೆಟ್ಟದ ದಾರಿ ನೆನಪಾಗುತ್ತಿತ್ತು, ಮರಗಳನ್ನು ಮಾತ್ರ ಯಾರೋ ಕಿತ್ತುಕೊಂಡು ಹೋದಂತೆ. ಕಾರಿನ ಪಕ್ಕ ನಿಂತು ತೆಗೆಸಿದ ಫೋಟೋ ಊರಿಗೆ ಕಳಿಸಿದೆ. ಅವ್ವ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ನೀನು ಅದರ ಕೆಳಗೆ ಕೂತು ಬಾಯಲ್ಲಿ ಎಂಜಿನ್ ಓಡಿಸುತ್ತಿದ್ದೆ. ನಿನ್ನೆ ರಾತ್ರಿ ನಿದ್ದೆ ಕೆಡಿಸಿದ್ದು ಇದೇ: ನಿನಗೆ ಕಾರಿನ ಹುಚ್ಚು ಹಿಡಿಸಿದವನು ನಾನೇ. ಆ ಫೋಟೋ ಮುಂದೆ ಏನಾಯಿತು ಅಂತ ಮಾತ್ರ ಯಾರೂ ನಿನಗೆ ಹೇಳಲಿಲ್ಲ.

2009ರ ಜನವರಿಯಲ್ಲಿ ಕಂಪನಿ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿತು. ಜಗತ್ತಿನ ಬ್ಯಾಂಕುಗಳು ಮುಗ್ಗರಿಸಿ, ದುಬೈಯ ಕ್ರೇನುಗಳು ನಿಂತಲ್ಲೇ ನಿಂತಿದ್ದ ಸಮಯ. ವೀಸಾ ರದ್ದಾದರೆ ದೇಶ ಬಿಡಲು ಆಗ 30 ದಿನ. ಬ್ಯಾಂಕಿಗೆ ಹೋಗಿ ಲೆಕ್ಕ ಕೇಳಿದೆ. ಹದಿನೆಂಟು ಕಂತು, 18 ಸಾವಿರ ಕಟ್ಟಿದ್ದೆ; ಅಸಲಿನಲ್ಲಿ ಇಳಿದದ್ದು 13 ಸಾವಿರ. ಇನ್ನೂ 37 ಸಾವಿರ ಬಾಕಿ. ನಾಲ್ಕು ಪರ್ಸೆಂಟ್ ಅಂದರೆ ಫ್ಲಾಟ್ ಬಡ್ಡಿ ಅಂತ ಅವತ್ತು ತಿಳಿಯಿತು. ನೀನು ತೀರಿಸುತ್ತ ಬಂದರೂ ಅವರು ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುತ್ತಾರೆ. ಉಳಿದ ಸಾಲಕ್ಕೆ ಲೆಕ್ಕ ಹಾಕಿದರೆ ಅದು ಏಳು ಪರ್ಸೆಂಟನ್ನೂ ದಾಟುತ್ತದೆ.

ಎಲ್ಲರೂ ಮಾರುತ್ತಿದ್ದ ತಿಂಗಳಲ್ಲಿ ನಾನೂ ಮಾರಲು ಹೊರಟೆ. 24 ಸಾವಿರಕ್ಕಿಂತ ಒಂದು ದಿರ್ಹಂ ಮೇಲೆ ಯಾರೂ ಕೇಳಲಿಲ್ಲ. ಆ ದಿನಗಳಲ್ಲಿ ಎಷ್ಟೋ ಜನ ದುಬೈ ವಿಮಾನ ನಿಲ್ದಾಣದಲ್ಲಿ ಕಾರು ನಿಲ್ಲಿಸಿ, ಕೀಲಿ ಒಳಗೇ ಬಿಟ್ಟು ವಿಮಾನ ಹತ್ತಿದರು, ಪತ್ರಿಕೆಗಳಲ್ಲೂ ಬಂತು. ಚೆಕ್ಕು ಬೌನ್ಸಾದರೆ ಆಗ ಜೈಲು. ಒಂದು ರಾತ್ರಿ ನಾನೂ ಕೀಲಿ ಹಿಡಿದು ಪಾರ್ಕಿಂಗಿನಲ್ಲಿ ಕೂತಿದ್ದೆ. ಓಡಿ ಬರಲು ಮನಸ್ಸು ಒಪ್ಪಲಿಲ್ಲ. ಧೈರ್ಯ ಸಾಲಲಿಲ್ಲ ಅಂದರೂ ತಪ್ಪಲ್ಲ.

ಗ್ರಾಚುಯಿಟಿ, ಕೊನೆಯ ಸಂಬಳ ಎಲ್ಲ ಸುರಿದರೂ 3,500 ದಿರ್ಹಂ ಕಡಿಮೆ ಬಿತ್ತು, ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 47 ಸಾವಿರ ರೂಪಾಯಿ. ರೂಮಿನ ಸೇಲಂ ಕಡೆಯ ಗೆಳೆಯ ಅಲ್ಲಿ ಕೊಟ್ಟ. ಅವನ ಮನೆಗೆ ಇಲ್ಲಿ ತಲುಪಿಸಿದ್ದು ನಿನ್ನಮ್ಮ. ನೀನು ಆಗ ನಾಲ್ಕನೇ ಕ್ಲಾಸು. ಕೊಟ್ಟಿಗೆಯಲ್ಲಿದ್ದ ಎರಡು ಸೀಮೆಹಸು ಎಲ್ಲಿ ಹೋದವು ಅಂತ ಅತ್ತಿದ್ದೆಯಲ್ಲ? ಆ ವರ್ಷವೆಲ್ಲ ಹಾಲಿಲ್ಲದ ಕಾಫಿ ಕುಡಿದೆಯಲ್ಲ? ಆ ಹಸುಗಳನ್ನು ನನ್ನ ಕಾರು ತಿಂದಿತು. ಅಕ್ಕ ಇವತ್ತಿಗೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. ನಿನ್ನ ಫೋಟೋ ತೋರಿಸುವಾಗಲೂ ನಗುತ್ತಲೇ ಇದ್ದಳು.

ನಿನ್ನ ಕಾಲ ವಾಸಿ, ಒಪ್ಪುತ್ತೇನೆ. 2011ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಕಾರಿನ ಬೆಲೆಯ ನೂರಕ್ಕೆ 80ರಷ್ಟು ಮಾತ್ರ ಸಾಲ, 60 ತಿಂಗಳಿಗಿಂತ ಹೆಚ್ಚಿಲ್ಲ ಅಂತ ನಿಯಮ ತಂದಿತು. ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ಕು ವಾಪಸಾದರೆ ನೇರ ಜೈಲು ಅನ್ನುವುದೂ 2022ರಿಂದ ಸಡಿಲವಾಗಿದೆ. ಆದರೆ ನೀನು ಅಲ್ಲಿರುವುದು ವೀಸಾ ಇರುವ ತನಕ. ಅದು ಬದಲಾಗಿಲ್ಲ. ಊರಲ್ಲಿ ಕಾರು ಕೊಂಡವನು ಕೆಲಸ ಹೋದರೆ ಅದನ್ನು ಹುಣಸೇಮರದ ಕೆಳಗೆ ನಿಲ್ಲಿಸಿಯಾದರೂ ಇಟ್ಟುಕೊಳ್ಳಬಹುದು. ನೀನು ಎಲ್ಲಿ ನಿಲ್ಲಿಸುತ್ತೀಯ? ಊರಿಗೆ ತರೋಣ ಅಂದರೆ ಎಡಗಡೆ ಸ್ಟೀರಿಂಗಿನ ಹಳೆ ಕಾರಿಗೆ ನಮ್ಮ ಆಮದು ನಿಯಮ ದಾರಿ ಬಿಡುವುದಿಲ್ಲ. ಅದಕ್ಕೇ ಹೇಳುವುದು, ಪರದೇಶದಲ್ಲಿ ಕಾರು ಕೊಳ್ಳುವವನು ಅದನ್ನು ಮಾರುವ ದಿನ ಮೊದಲು ನೋಡಬೇಕು. ನಾಳೆಯೇ ವೀಸಾ ಹೋದರೆ ಒಂದು ತಿಂಗಳಲ್ಲಿ ಮಾರಿ, ಯಾರಿಗೂ ಬಾಕಿ ಇಲ್ಲದೆ ವಿಮಾನ ಹತ್ತಬಹುದೇ? ಹೌದಾದರೆ ತಗೋ.

ಆ ಕೆಂಪು ಕಾರಿಗೆ ಈ ಪ್ರಶ್ನೆ ಹಾಕಿ ನೋಡು. ಷೋರೂಮಿನ ಬೆಲೆಯ ಮೇಲೆ ವರ್ಷ ವರ್ಷವೂ ಇನ್ಶೂರೆನ್ಸು, ಮುಲ್ಕಿಯಾ ಅನ್ನುವ ನೋಂದಣಿ ಪತ್ರದ ನವೀಕರಣ, ಸರ್ವೀಸು, ಪಾರ್ಕಿಂಗು. ದಟ್ಟಣೆಯ ಹೊತ್ತಿಗೆ ಸಾಲಿಕ್ 2025ರಿಂದ 6 ದಿರ್ಹಂ. ಪೆಟ್ರೋಲು ನನ್ನ ಕಾಲದಲ್ಲಿ ಸರ್ಕಾರ ಹಿಡಿದಿಟ್ಟ ಬೆಲೆಗೆ ಸಿಗುತ್ತಿತ್ತು. 2015ರಿಂದ ತಿಂಗಳು ತಿಂಗಳೂ ಬದಲಾಗುತ್ತದೆ.

ಇನ್ನು, 'ಜೊತೆಗೆ ಕೆಲಸ ಮಾಡುವ ನಾಲ್ವರನ್ನು ಕಾರ್ ಲಿಫ್ಟ್ ಕೂರಿಸಿಕೊಂಡರೆ ಕಂತು ತಾನಾಗಿ ಹುಟ್ಟುತ್ತೆ' ಅಂದೆಯಂತೆ. ಬುದ್ಧಿ ಇದೆಯೇನೋ ನಿನಗೆ? ಪರವಾನಗಿ ಇಲ್ಲದೆ ದುಡ್ಡು ತಗೊಂಡು ಜನರನ್ನು ಕೂರಿಸುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ದಂಡ ಕಟ್ಟಲು ಯಾವ ಹಸು ಮಾರಿಸುತ್ತೀಯ? ಡಿಗ್ರಿ ಓದಿಸಿದ್ದು ಇದಕ್ಕಾ?

ಹೋಗಲಿ ಬಿಡು, ಕೋಪದಲ್ಲಿ ಬರೆದೆ. ಅಳಿಸುವುದಿಲ್ಲ.

ಕೊಳ್ಳಲೇಬೇಕು ಅಂದರೆ ಹೀಗೆ ಮಾಡು. ನಾಲ್ಕೈದು ವರ್ಷ ಓಡಿದ ಸಣ್ಣ ಜಪಾನೀ ಕಾರು ಹುಡುಕು, ಕೈಯಲ್ಲಿರುವ ದುಡ್ಡಿಗೆ. ಅಂಥದ್ದು ಬೇಗ ಮಾರಾಟವಾಗುತ್ತದೆ, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಜಿಸಿಸಿ ಸ್ಪೆಕ್ ಹೌದೋ ಅಲ್ಲವೋ ಕೇಳು. ಆ ಬಿಸಿಲಿಗೆ ತಕ್ಕ ರೇಡಿಯೇಟರು, ಎಸಿ ಅದರಲ್ಲಿರುತ್ತದೆ. ಅಗ್ಗಕ್ಕೆ ಸಿಗುವ ಅಮೆರಿಕದ ಕಾರುಗಳಲ್ಲಿ ಅಪಘಾತವಾಗಿ ರಿಪೇರಿಯಾದವು ಇರುತ್ತವೆ. 2024ರ ಏಪ್ರಿಲ್ 16ರ ಮಳೆಗೆ ಷಾರ್ಜಾ, ದುಬೈಗಳಲ್ಲಿ ಕಾರುಗಳು ಮುಳುಗಿದ್ದವಲ್ಲ, ಅವುಗಳಲ್ಲೂ ಕೆಲವು ತೊಳೆದು ಒರೆಸಿಕೊಂಡು ಮಾರಾಟಕ್ಕೆ ನಿಂತಿರಬಹುದು. ಸೀಟಿನ ಕೆಳಗೆ ಕೈ ಹಾಕು, ಮ್ಯಾಟು ಎತ್ತಿ ಮೂಸು, ಬೆಲ್ಟು ಪೂರ್ತಿ ಎಳೆದು ಕೆಸರಿನ ಗೆರೆ ಇದೆಯೇ ನೋಡು. ಹಳೆ ದಂಡ, ಬ್ಯಾಂಕಿನ ಅಡಮಾನ ಎಲ್ಲ ತೀರಿ ಮುಲ್ಕಿಯಾ ನಿನ್ನ ಹೆಸರಿಗಾಗುವ ತನಕ ಪೂರ್ತಿ ದುಡ್ಡು ಕೊಡಬೇಡ. ಇಲ್ಲ, ಕೆಂಪು ಕಾರೇ ಬೇಕು ಅಂದರೆ ಅದೂ ನಿನ್ನಿಷ್ಟ. ಸಂಪಾದಿಸುವವನು ನೀನು.

ಒಂದು ಮಾತು ನಿನಗೆ ಹೇಳಿರಲಿಲ್ಲ. ನೀನು ಅಲ್ಲಿನ ಟೆಸ್ಟು ಮೊದಲನೇ ಸಲಕ್ಕೇ ಪಾಸು ಮಾಡಿದೆ ಅಂತ ಕೇಳಿ, ಚರ್ಚಿನ ಮುಂದೆ, ಟೀ ಅಂಗಡಿಯಲ್ಲಿ, ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ನಾನೆಷ್ಟು ಸಲ ಫೇಲಾಗಿದ್ದೆ ಅಂತ ಅವರಿಗೆ ಹೇಳಲಿಲ್ಲ.

ಲೆಕ್ಕವೆಲ್ಲ ಬರೆದು ಕಳಿಸು, ಅಕ್ಕನಿಗೂ ಓದಿ ಹೇಳುತ್ತೇನೆ. ರಜೆಗೆ ಬಂದಾಗ ನನ್ನ ಹಳೆ ಓಮ್ನಿ ಕೊಡುತ್ತೇನೆ, ಬೆಟ್ಟದ ತನಕ ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರುತ್ತೇನೆ. ಗೇರು ಎಡಗೈಗೆ, ಜ್ಞಾಪಕ ಇರಲಿ.

ಇಂತಿ ನಿನ್ನ
ಸೋದರಮಾವ