ಕಣದ ಕಳವು ಮತ್ತು ಹೊಸ ಕಾನೂನು: ಬೆಳೆಗಾರರು ತಿಳಿದಿರಬೇಕಾದ ವಿಷಯಗಳು

ಬ್ರಿಟಿಷರ ಆಡಳಿತದಲ್ಲಿ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತ ದಂಡ ಸಂಹಿತೆಯು ಒಂದೂವರೆ ಶತಮಾನಕ್ಕೂ ಮಿಕ್ಕಿ ನಮ್ಮ ದೇಶದಲ್ಲಿ ಕಳವು, ಮೋಸ, ಹೊಡೆದಾಟಗಳ ತೀರ್ಮಾನಕ್ಕೆ ಆಧಾರವಾಗಿತ್ತು. ಮೆಕಾಲೆಯವರ ನೇತೃತ್ವದ ಆಯೋಗವು 1837ರಲ್ಲಿ ಸಿದ್ಧಪಡಿಸಿದ ಕರಡೇ ಅದರ ಮೂಲ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಂದಿನಿಂದಲೇ 1973ರ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ, 1872ರ ಸಾಕ್ಷ್ಯ ಅಧಿನಿಯಮದ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮವೂ ಜಾರಿಯಲ್ಲಿವೆ. ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ಇದು ವಕೀಲರಿಗೆ ಮಾತ್ರ ಸೇರಿದ ಸಂಗತಿ ಎಂದು ಬೆಳೆಗಾರರು ಸುಮ್ಮನಿರುವಂತಿಲ್ಲ. ಕಾಫಿ, ಅಡಿಕೆ, ಮೆಣಸು ಕಣದಲ್ಲಿ ಒಣಗುವ ತಿಂಗಳುಗಳಲ್ಲಿ ವರ್ಷದ ದುಡಿಮೆಯೆಲ್ಲ ಬಯಲಿನಲ್ಲಿ ಹರಡಿರುತ್ತದೆ. ಕಳವಾದಾಗ ಏನು ಮಾಡಬೇಕೆಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಐದು ಸಾವಿರದ ಗೆರೆ

ಕಳವಿಗೆ ಹಿಂದೆ 379ನೆಯ ಕಲಮು ಇತ್ತು, ಈಗ 303ನೆಯದು. ಮೂರು ವರ್ಷಗಳವರೆಗಿನ ಸೆರೆ, ಇಲ್ಲವೆ ದಂಡ, ಅಥವಾ ಎರಡೂ ಎಂಬುದು ಹಾಗೆಯೇ ಉಳಿದಿದೆ. ಎರಡನೆಯ ಬಾರಿ ಶಿಕ್ಷೆಗೊಳಗಾದವನಿಗೆ ಒಂದರಿಂದ ಐದು ವರ್ಷಗಳವರೆಗೆ ಕಠಿಣ ಸಜೆ ಎಂಬುದು ಹೊಸದು.

ಇನ್ನೂ ಮುಖ್ಯವಾದ ಬದಲಾವಣೆ ಬೇರೆ. ಕಳವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ತಪ್ಪಿತಸ್ಥನು ಮೊದಲ ಬಾರಿಗೆ ಶಿಕ್ಷೆಗೊಳಗಾಗುವವನಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಇಂಗ್ಲೆಂಡಿನಲ್ಲಿ ಸಮುದಾಯ ಸೇವೆಯ ಶಿಕ್ಷೆಯನ್ನು 1972ರ ಕಾನೂನಿನಿಂದಲೇ ತರಲಾಗಿತ್ತು. ಹಸಿವಿನಿಂದಲೋ ಎಳೆತನದಿಂದಲೋ ಒಮ್ಮೆ ಎಡವಿದವನನ್ನು ಸೆರೆಮನೆಗೆ ನೂಕಿ ಪಳಗಿದ ಕಳ್ಳನನ್ನಾಗಿ ಮಾಡುವುದರಲ್ಲಿ ಯಾರಿಗೂ ಲಾಭವಿಲ್ಲ.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಈಗ ಅಸಂಜ್ಞೇಯ ಅಪರಾಧ. ಎಂದರೆ, ಠಾಣೆಯಲ್ಲಿ ದೂರಿನ ಸಾರಾಂಶವನ್ನು ಬರೆದುಕೊಂಡು ದೂರುದಾರನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸುತ್ತಾರೆ. ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಅಡಿಕೆಯ ದರ ಕಿಲೋಗೆ 400 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 12 ಕಿಲೋ ಹೋದರೆ ಬೆಲೆ 4,800 ರೂಪಾಯಿ, 13 ಕಿಲೋ ಹೋದರೆ 5,200. ಒಂದೇ ಕಿಲೋ ವ್ಯತ್ಯಾಸದಿಂದ ಪ್ರಕರಣದ ದಾರಿಯೇ ಬದಲಾಗುತ್ತದೆ. ಆದುದರಿಂದ 'ಒಂದಷ್ಟು ಅಡಿಕೆ ಹೋಗಿದೆ' ಎಂಬ ದೂರಿಗೆ ಬೆಲೆಯಿಲ್ಲ. ತೂಕವೂ ದರವೂ ದೂರಿನಲ್ಲಿರಬೇಕು.

ಸಣ್ಣ ಕಳವನ್ನು ಎಷ್ಟು ಹಗುರವಾಗಿ ಕಾಣಬೇಕೆಂಬ ಪ್ರಶ್ನೆ ಬ್ರಿಟನ್ನಿನಲ್ಲೂ ಇದೆ. 200 ಪೌಂಡುಗಳವರೆಗಿನ ಅಂಗಡಿ ಕಳವನ್ನು ಸರಳ ವಿಚಾರಣೆಯಲ್ಲಿ ಮುಗಿಸಲು ಇಂಗ್ಲೆಂಡಿನಲ್ಲಿ 2014ರಲ್ಲಿ ಕಾನೂನಾಯಿತು. ಅದನ್ನು ತೆಗೆದುಹಾಕುವ ಪ್ರಸ್ತಾಪವುಳ್ಳ ಮಸೂದೆ 2025ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಮುಂದೆ ಬಂತು.

ಕಣ ಬೇರೆ, ಗೋದಾಮು ಬೇರೆ

ಬಯಲು ಕಣದಿಂದ ಕದ್ದರೆ 303ನೆಯ ಕಲಮು. ವಾಸದ ಮನೆಯಿಂದ, ಇಲ್ಲವೆ ಮಾಲು ಇಡಲು ಬಳಸುವ ಕಟ್ಟಡದಿಂದ ಕದ್ದರೆ 305ನೆಯ ಕಲಮು. ಅದಕ್ಕೆ ಏಳು ವರ್ಷಗಳವರೆಗೆ ಸಜೆಯುಂಟು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಕುರುಹುಗಳನ್ನು ಸಂಗ್ರಹಿಸಬೇಕೆಂದು ಹೊಸ ಕಾನೂನು ಹೇಳುತ್ತದೆ. ಐದು ವರ್ಷಗಳೊಳಗೆ ರಾಜ್ಯ ಸರ್ಕಾರ ಗೊತ್ತುಪಡಿಸುವ ದಿನದಿಂದ ಇದು ಕಡ್ಡಾಯ. ಹೇಗಿದ್ದರೂ ಬೀಗ ಮುರಿದ ಗೋದಾಮನ್ನು ಪೊಲೀಸರು ಬರುವ ಮೊದಲು ಗುಡಿಸಬಾರದು. ಬೀಗ, ಚಿಲಕಗಳನ್ನು ಮುಟ್ಟಬಾರದು.

ದೂರು ಎಲ್ಲಿ, ಹೇಗೆ?

ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೋ ವಯಸ್ಸಾದ ಕಾರಣದಿಂದಲೋ ಮೈಸೂರಿನ ಕುವೆಂಪುನಗರದಲ್ಲಿ ಮನೆ ಮಾಡಿ, ಕೊಡಗಿನಲ್ಲಿ ತೋಟ ನಡೆಸುವವರೊಬ್ಬರಿಗೆ, ಗೋದಾಮಿನಿಂದ ಚೀಲಗಳು ಹೋಗಿವೆ ಎಂದು ರೈಟರು ಬೆಳಗ್ಗೆ ಫೋನು ಮಾಡಿದರೆಂದು ಭಾವಿಸೋಣ. ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅವರು ಕುವೆಂಪುನಗರ ಠಾಣೆಯಲ್ಲೇ ದೂರು ಕೊಡಬಹುದು. ಅಪರಾಧ ನಡೆದದ್ದು ತಮ್ಮ ಸರಹದ್ದಿನಲ್ಲಲ್ಲ ಎಂದು ಹಿಂದಕ್ಕೆ ಕಳುಹಿಸುವಂತಿಲ್ಲ. ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ರವಾನಿಸಬೇಕು. ಇದನ್ನೇ ಶೂನ್ಯ ಎಫ್.ಐ.ಆರ್. ಎನ್ನುವುದು. ವಿದ್ಯುನ್ಮಾನ ವಿಧಾನದಲ್ಲೂ ದೂರು ಕಳುಹಿಸಬಹುದು. ಆದರೆ ಮೂರು ದಿನಗಳೊಳಗೆ ಸಹಿ ಹಾಕಿದರೆ ಮಾತ್ರ ಅದು ದಾಖಲಾಗುತ್ತದೆ. ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ದೂರುದಾರನಿಗೆ ತಿಳಿಸಬೇಕು. ಠಾಣೆಯಲ್ಲಿ ದಾಖಲಿಸಿಕೊಳ್ಳಲು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೂ, ಅಲ್ಲೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರಿಗೂ ಬರೆದುಕೊಳ್ಳಬಹುದು.

ಕಣದ ಕಳವಿನಂಥ, ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ, ಡಿವೈ.ಎಸ್.ಪಿ.ಯವರ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ಆ ದಿನಗಳಲ್ಲಿ ಮಾಲು ಮಾರಾಟವಾಗಿಬಿಡುವ ಭಯ ಇದ್ದೇ ಇದೆ. ಲೆಕ್ಕಪತ್ರ ಸ್ಪಷ್ಟವಿದ್ದಷ್ಟೂ ಈ ವಿಚಾರಣೆ ಬೇಗ ಮುಗಿಯುತ್ತದೆ.

ಸಿಕ್ಕ ಮಾಲು ಕೆಡದಂತೆ

ಮುದ್ದೆಮಾಲೆಂದು ಹಿಡಿದ ಕಾಫಿ, ಅಡಿಕೆ ತೇವ ಹಿಡಿದು ಬೂಸ್ಟು ಬಂದರೆ, ಗೆದ್ದರೂ ಬೆಳೆಗಾರನಿಗೆ ಸಿಗುವುದು ಕಸವೇ. 497ನೆಯ ಕಲಮಿನಂತೆ, ಮಾಲು ನ್ಯಾಯಾಲಯದ ಮುಂದೆ ಬಂದ 14 ದಿನಗಳಲ್ಲಿ ಅದರ ವಿವರಪಟ್ಟಿ ಸಿದ್ಧವಾಗಬೇಕು, ಛಾಯಾಚಿತ್ರ ತೆಗೆಸಬೇಕು, ಅನಂತರದ 30 ದಿನಗಳಲ್ಲಿ ವಿಲೇವಾರಿಯ ಆಜ್ಞೆಯಾಗಬೇಕು. ವಿಚಾರಣೆಯಲ್ಲಿ ಆ ಚಿತ್ರಗಳೇ ಸಾಕ್ಷ್ಯವಾಗುತ್ತವೆ. ಈ ಅವಧಿಯನ್ನು ತಿಳಿದು ಬೆಳೆಗಾರನು ಅರ್ಜಿ ಸಲ್ಲಿಸಿ ಕೇಳಬೇಕು.

ಇಂದಿನಿಂದಲೇ ಮಾಡಬೇಕಾದುದು

1. ಕೊಯ್ಲಿನ, ಕಣದ, ಗೋದಾಮಿನ ತೂಕವನ್ನು ದಿನದಿನವೂ ಪುಸ್ತಕದಲ್ಲಿ ಬರೆಯಿರಿ. ಸಂಘದ ತೂಕದ ಚೀಟಿಗಳನ್ನು ಜೋಪಾನವಾಗಿಡಿ.

2. ಚೀಲಗಳಿಗೆ ಗುರುತು ಹಾಕಿ. ಗುರುತಿಲ್ಲದ ಚೀಲ ಯಾರದೆಂದು ಹೇಳುವುದು ಕಷ್ಟ.

3. ದರಕ್ಕೆ ಆಧಾರವಾಗಿ ಕಾಫಿ ಮಂಡಳಿ ಪ್ರಕಟಿಸುವ ದರ ಇಲ್ಲವೆ ಮಂಡಿಯ ಆ ದಿನದ ದರವನ್ನು ದೂರಿನೊಡನೆ ಲಗತ್ತಿಸಿ.

4. ಕ್ಯಾಮೆರಾದ ಚಿತ್ರವಿದ್ದರೆ ಮೂಲವನ್ನು ಅಳಿಸಬೇಡಿ. ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವಿಲ್ಲದೆ ಅದರ ನಕಲು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಕೊನೆಯದಾಗಿ ಒಂದು ಮಾತು. 5,000ದ ಗೆರೆ ದಾಟಲೆಂದು ತೂಕ ಹೆಚ್ಚಿಸಿ ಬರೆಯಬಾರದು. ಆಧಾರವಿಲ್ಲದೆ ಕೂಲಿಯವರ ಹೆಸರನ್ನು ದೂರಿನಲ್ಲಿ ಸೇರಿಸಲೂಬಾರದು. ಇನ್ನೊಬ್ಬರಿಗೆ ಕೇಡಾಗಲೆಂದು ಸುಳ್ಳು ಮಾಹಿತಿ ಕೊಡುವುದು ನ್ಯಾಯ ಸಂಹಿತೆಯ 217ನೆಯ ಕಲಮಿನಂತೆ ಅಪರಾಧ. ಕಳೆದ ಚೀಲ ಮುಂದಿನ ಫಸಲಿಗೆ ಬಂದೀತು. ನಿರಪರಾಧಿಯ ಮೇಲೆ ಹೊರಿಸಿದ ಕಳಂಕ ಅಷ್ಟು ಸುಲಭವಾಗಿ ಹೋಗದು. ಸರಿಯಾದ ಲೆಕ್ಕ ಬೆಳೆಗಾರನನ್ನೂ ಕಾಪಾಡುತ್ತದೆ, ಅವನ ಆಳುಗಳನ್ನೂ ಕಾಪಾಡುತ್ತದೆ.