ನಾಣಿಯ ಕಣ್ಣಳತೆ

ಪ್ರಶ್ನೆ: ‘ಘಟಶ್ರಾದ್ಧ’ ಕಥೆ ಓದಿ, ಆಮೇಲೆ ಸಿನಿಮಾ ನೋಡಿದೆ. ಕಥೆಗೆ ನ್ಯಾಯ ಸಿಕ್ಕಿತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಇಲ್ಲಿನ ಗುಜರಾತಿ ಗೆಳೆಯರೂ ‘ಸರಸ್ವತೀಚಂದ್ರ’ದ ಬಗ್ಗೆ ಇದೇ ಮಾತಾಡುತ್ತಾರೆ.
– ಓದುಗರೊಬ್ಬರು, ವಡೋದರ

ಯಾವ ಪ್ರಸಂಗ ಬಿಟ್ಟುಹೋಯಿತು ಎಂಬ ಲೆಕ್ಕವನ್ನು ಮೊದಲು ಕೈಬಿಡಿ. ನಿಮ್ಮ ಪಕ್ಕದ ನಡಿಯಾದಿನ ಗೋವರ್ಧನರಾಮ ತ್ರಿಪಾಠಿಯವರ ‘ಸರಸ್ವತೀಚಂದ್ರ’ ಕಾದಂಬರಿ 1887ರಿಂದ 1901ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. 1968ರಲ್ಲಿ ಗೋವಿಂದ ಸರೈಯಾ ಅದನ್ನು ಒಂದೇ ಹಿಂದಿ ಚಿತ್ರಕ್ಕೆ ಇಳಿಸಿದರು, ಬಿಡದೆ ಗತಿಯಿರಲಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ವಾದರೋ ನೀಳ್ಗತೆ. 1977ರಲ್ಲಿ ಅದನ್ನು ಸಿನಿಮಾ ಮಾಡಿದ ಗಿರೀಶ ಕಾಸರವಳ್ಳಿಯವರಿಗೆ ಬಿಡುವುದಕ್ಕಿಂತ ತುಂಬುವುದೇ ಕಷ್ಟವಾಗಿದ್ದಿರಬೇಕು.

ನಾನು ಕೇಳಿಕೊಳ್ಳುವುದು ಒಂದೇ: ಕಥೆ ಯಾರ ಕಣ್ಣಿನದೋ, ಚಿತ್ರವೂ ಅವರ ಕಣ್ಣಿನದೇ?

ಕಥೆಯಲ್ಲಿ ಬರುವ ಉಡುಪರ ವೇದಪಾಠಶಾಲೆ ನಮ್ಮ ಹಳೆಯ ಕಾಲದ ವಸತಿಶಾಲೆಯೇ. ಅಪ್ಪ ಅಮ್ಮನನ್ನು ಬಿಟ್ಟು ಬಂದ ಪುಟ್ಟ ನಾಣಿಗೆ ದೊಡ್ಡ ಹುಡುಗರ ಕಾಟ, ಮನೆಯ ನೆನಪು. ಉಡುಪರ ವಿಧವೆ ಮಗಳು ಯಮುನಕ್ಕನೇ ಅವನಿಗೆ ತಾಯಿ. ಆಕೆ ಬಸುರಿಯಾದದ್ದು ಊರಿಗೆಲ್ಲ ತಿಳಿಯುತ್ತದೆ. ನಾಣಿಗೆ ಪೂರ್ತಿ ಅರ್ಥವಾಗುವುದಿಲ್ಲ. ಅಕ್ಕನಿಗೆ ಏನೋ ಆಗಬಾರದ್ದು ಆಗುತ್ತಿದೆ ಎಂಬುದಷ್ಟೇ ಅವನಿಗೆ ಗೊತ್ತು. ಆ ಅರೆತಿಳಿವಳಿಕೆಯೇ ಕಥೆಯ ಜೀವ. ಕಾಸರವಳ್ಳಿ ಎಲ್ಲವನ್ನೂ ಬಿಡಿಸಿ ಹೇಳಿದ್ದರೆ ವಿಧವೆಯ ಗೋಳಿನ ಮತ್ತೊಂದು ಸಿನಿಮಾ ಆಗುತ್ತಿತ್ತು. ಅವರು ಹುಡುಗನ ಮುಖವನ್ನೇ ನಂಬಿದರು. ಆ ಮುಖ ಅಜಿತ್ ಕುಮಾರನದು. ಅವನಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು, ಸಂಗೀತಕ್ಕೆ ಬಿ.ವಿ. ಕಾರಂತರಿಗೂ ಪ್ರಶಸ್ತಿ ಬಂತು.

ಬದುಕಿರುವ ಮಗಳಿಗೆ ತಂದೆ ಗಡಿಗೆ ಒಡೆದು ಶ್ರಾದ್ಧ ಮಾಡುವುದು ಪುಟದಲ್ಲಿ ಓದುವಾಗಲೇ ಎದೆ ಹಿಂಡುತ್ತದೆ. ಪರದೆಯ ಮೇಲೆ ಅದು ಕಣ್ಣೆದುರೇ ನಡೆಯುತ್ತದೆ. ಪುಟ ಮಗುಚುವ ಹಾಗಿಲ್ಲ. ಈ ಒಂದು ಕಡೆ ಸಿನಿಮಾ ಕಥೆಗಿಂತ ಮುಂದೆ ಹೋಗಿದೆ ಎಂದೇ ನನ್ನ ಎಣಿಕೆ. ನಾಣಿಯ ಒಳಮಾತಿನ ವಿಷಯದಲ್ಲಿ ಮಾತ್ರ ಕಥೆಯೇ ಮೇಲು.

ಸಾಧ್ಯವಾದರೆ ಅರುಣ್ ಕೌಲ್ ಅವರ ‘ದೀಕ್ಷಾ’ (1991) ನೋಡಿ. ಅದೇ ಕಥೆ, ಹಿಂದಿಯಲ್ಲಿ. ಅಲ್ಲಿ ನಾನಾ ಪಾಟೇಕರ್ ಮಾಡಿದ, ವಿದ್ಯೆಗಾಗಿ ಹಂಬಲಿಸುವ ಕೋಗನ ಪಾತ್ರಕ್ಕೆ ತೂಕ ಹೆಚ್ಚು. ತಪ್ಪಲ್ಲ, ಆದರೆ ಕಣ್ಣು ಬೇರೆ. ಎರಡನ್ನೂ ನೋಡಿದ ಮೇಲೆ ಕಾಸರವಳ್ಳಿಯವರ ಕೊನೆಯ ದೃಶ್ಯಕ್ಕೆ ಮರಳಿ: ಅಪ್ಪನ ಜೊತೆ ಊರಿಗೆ ಹೊರಟ ನಾಣಿ, ಮರದ ಬುಡದಲ್ಲಿ ತಲೆ ಬೋಳಿಸಿಕೊಂಡು ಕೂತ ಯಮುನಕ್ಕ.