ಮೆಣಸಿನಕಾಯಿ ಆರಿಸಲು ಮೂರು ತೋಳಿನ ಯಂತ್ರ

ಮುಂಡರಗಿ, ಶಿರಹಟ್ಟಿ ಕಡೆ ಒಣಮೆಣಸಿನಕಾಯಿ ರಾಶಿಯಿಂದ ಬಿಳಿಗಾಯಿ ಆರಿಸೋದು ಕೈಗೆಲಸ. ಕೂಲಿ ಕೊಟ್ಟು ಪೂರೈಸೋದಿಲ್ಲ.

ಸ್ವಿಟ್ಜರ್ಲೆಂಡಿನ ರೇಮಂಡ್ ಕ್ಲಾವೆಲ್ 1980ರ ದಶಕದಲ್ಲಿ ರೂಪಿಸಿದ ‘ಡೆಲ್ಟಾ’ ತೋಳು ಚಾಕೊಲೇಟ್ ಎತ್ತಿ ಡಬ್ಬಿಗಿಡಲು ಹುಟ್ಟಿದ್ದು. ಭಾರದ ಮೂರೂ ಮೋಟಾರು ಮೇಲಿನ ಚೌಕಟ್ಟಿನಲ್ಲೇ ಕೂತಿರುತ್ತವೆ. ಓಡಾಡೋದು ಹಗುರ ಕಡ್ಡಿಗಳಷ್ಟೇ. ಅದಕ್ಕೇ ಆ ವೇಗ.

ಮನೆಯಲ್ಲೂ ಕಟ್ಟಬಹುದು. ಮೂರು ಸ್ಟೆಪ್ಪರ್ ಮೋಟಾರು, ಪ್ರತಿಯೊಂದಕ್ಕೂ ಗಿಡ್ಡ ತೋಳು, ತೋಳಿನ ತುದಿಗೆ ಅಲ್ಯುಮಿನಿಯಂ ಕೊಳವೆಯ ಜೋಡಿ ಕಡ್ಡಿ. ಆರೂ ಕಡ್ಡಿ ಒಂದೇ ಅಳತೆ ಇರಲಿ. ಜೋಡಿಗಳು ಸಮಾನಾಂತರ ಇದ್ದರೆ ಕೆಳಗಿನ ತಟ್ಟೆ ವಾಲದು. ಕೀಲು ಸಡಿಲಾದರೆ ಗುರಿ ತಪ್ಪುತ್ತದೆ. ತಟ್ಟೆಗೆ ಹಗುರ ಚಿಮಟ ಸಾಕು.

ಇದು ಕೈ ಮಾತ್ರ. ಬಿಳಿಗಾಯಿ ಗುರುತಿಸಲು ಕ್ಯಾಮೆರಾ, ಕಂಪ್ಯೂಟರು ಬೇರೆ ಬೇಕು. ಒಂದು ಸಲಕ್ಕೆ ಒಂದೇ ಕಾಯಿ ಎತ್ತುವುದರಿಂದ ಕಾಯಿಗಳನ್ನು ಬೆಲ್ಟಿನ ಮೇಲೆ ತೆಳ್ಳಗೆ ಹರವಿ, ಕೆಟ್ಟದ್ದನ್ನಷ್ಟೇ ಎತ್ತಿಸಿ.